‘ಹಳೇದು’ ಫೋಲ್ಡರ್‌ನಲ್ಲಿದ್ದ ದನಿ

“ಸಾರ್, ಅದನ್ನ ಡಿಲೀಟ್ ಮಾಡ್ಬೇಡಿ, ಪೇಷೆಂಟ್ಸ್ ವಾಯ್ಸ್ ಇದೆ ಅದ್ರಲ್ಲಿ!” ಎಂದು ಥೆರಪಿಸ್ಟ್ ಶೈಲಾ ಮೇಡಂ ಕೂಗಿದಾಗ ನನ್ನ ಬೆರಳು ಮೌಸ್ ಮೇಲಿತ್ತು. ಜಯನಗರದ ವಾಕ್ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಎಲ್ಲರೂ ಬಳಸುವ ಸರ್ವರ್ ತುಂಬಿಹೋಗಿತ್ತು. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆಯೆಂದು ಚೌಕಗಳಲ್ಲಿ ತೋರಿಸುವ ತಂತ್ರಾಂಶ ಹಾಕಿದ್ದೆ. ಎಲ್ಲಕ್ಕಿಂತ ದೊಡ್ಡ ಚೌಕ ‘ಹಳೇದು’ ಎಂಬ ಫೋಲ್ಡರಿನದು; ಅದನ್ನೇ ಅಳಿಸಲು ಹೊರಟಿದ್ದೆ.

ಗಂಟಲಿನ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳ ಮಾತನ್ನು ರೆಕಾರ್ಡ್ ಮಾಡಿ ಅಲ್ಲಿ ಇಟ್ಟಿದ್ದರಂತೆ. ಫೈಲುಗಳಿಗೆ ಹೆಸರಿರಲಿಲ್ಲ. ಆದರೆ ಪ್ರತಿಯೊಬ್ಬರೂ ಮೊದಲು ತಮ್ಮ ಹೆಸರು ಹೇಳಿದ್ದರು. ಮೇಡಂ, ನಾನು ಇಬ್ಬರೂ ಕೂತು ಕೇಳಿ, ಅವರವರ ಹೆಸರಿನ ಫೋಲ್ಡರ್ ಮಾಡಿದೆವು.

ಮರುವಾರ ಬನಶಂಕರಿಯ ಹಿರಿಯರೊಬ್ಬರು ಹೆಂಡತಿಯೊಂದಿಗೆ ತಪಾಸಣೆಗೆ ಬಂದರು. ಶಸ್ತ್ರಚಿಕಿತ್ಸೆಯಲ್ಲಿ ಅವರ ದನಿ ಹೋಗಿತ್ತು. ಆ ಹಿರಿಯರ ಒಪ್ಪಿಗೆ ಪಡೆದೇ ಮೇಡಂ ಹಳೆಯ ಧ್ವನಿ ಹಾಕಿದರು. ಅದರಲ್ಲಿ ಹೆಸರು, ವಿಳಾಸ ಹೇಳುತ್ತಿದ್ದವರು ನಡುವೆ ಮಾತು ನಿಲ್ಲಿಸಿ, “ಪದ್ಮಾ, ಛತ್ರಿ ತಂದ್ಯೇನೇ?” ಎಂದಿದ್ದರು.

“ಹ್ಞೂಂ ರೀ, ತಂದಿದೀನಿ” ಎಂದುಬಿಟ್ಟರು ಆಕೆ. ಮರುಕ್ಷಣ ಬಾಯಿಗೆ ಸೆರಗು ಹಿಡಿದು ಅತ್ತರು. ಗಂಡ ದನಿಯಿಲ್ಲದೆ ನಗುತ್ತಾ ಆಕೆಯ ಕೈ ಹಿಡಿದುಕೊಂಡರು.

ಧ್ವನಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಫೈಲುಗಳನ್ನು ಅತ್ತಿಂದಿತ್ತ ಸರಿಸುವುದೇ ನನ್ನ ಕೆಲಸ. ಅದರಿಂದ ಒಬ್ಬರಿಗೆ ಏನಾದರೂ ಸಿಕ್ಕಿದ್ದನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು.