ಆರಮ್ಮನ ಸೋಮವಾರಗಳು

ಬೆಳಗ್ಗೆ ಎಂಟಕ್ಕೆ ಆಕೆ ಗಾಜಿನ ಜಾಡಿಗೆ ನೀರು ಸುರಿದು, ಉಪ್ಪು ಹಾಕಿ, ಮರದ ಸೌಟಿನಿಂದ ತಿರುವುತ್ತಾಳೆ. ಇನ್ನು ಕರಗಲಾರೆ ಎಂದು ಉಪ್ಪು ತಳದಲ್ಲಿ ಕೂತಾಗ ಒಂದು ದಾಳವನ್ನು ಮೆಲ್ಲಗೆ ಬಿಡುತ್ತಾಳೆ. ಅದು ತೇಲುತ್ತದೆ. ಬೆರಳಿನಿಂದ ತಟ್ಟಿ ಉರುಳಿಸುತ್ತಾಳೆ. ಸಲಕ್ಕೊಂದು ಮುಖ ಮೇಲೆ ಬಂದರೆ ದಾಳ ಒಳ್ಳೆಯದು. ಒಂದೇ ಮುಖ ಮತ್ತೆ ಮತ್ತೆ ಮೇಲೆ ಬಂದರೆ ಅದರ ಕೆಳಗೆ ಗಾಳಿಗುಳ್ಳೆ ಇದೆ ಎಂದರ್ಥ. ಅಂಥದ್ದು ಕೆಂಪು ಡಬ್ಬಿಗೆ ಹೋಗುತ್ತದೆ.

ಕಾರ್ಖಾನೆಯಲ್ಲಿ ಕೆಲಸಗಾರರು ಆರೇ ಜನ. ಮನೆಮಂದಿ ಆಡುವ ಹಲಗೆಗಳಿಗೂ ಕ್ಲಬ್ಬುಗಳಿಗೂ ದಾಳ ಮಾಡಿ ಕಳಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಪರೀಕ್ಷೆಯ ಮೇಜು ಆಕೆಯದು. ಅಗ್ಗದ ದಾಳದಲ್ಲಿ ಚುಕ್ಕಿಗಳನ್ನು ಬರೀ ಕೊರೆದು ಬಿಟ್ಟಿರುತ್ತಾರೆ. ಆರರ ಮುಖದಿಂದ ಆರು ಕುಳಿಯಷ್ಟು ತೂಕ ಹೋದರೆ, ಎದುರಿನ ಒಂದರ ಮುಖದಿಂದ ಹೋಗುವುದು ಒಂದು ಕುಳಿಯಷ್ಟೇ. ಹಾಗಾಗಿ ಹಗುರಾದ ಆರು ಕೂದಲೆಳೆಯಷ್ಟು ಹೆಚ್ಚು ಸಲ ಮೇಲೆ ಬರುತ್ತದೆ. ಕ್ಲಬ್ಬಿನ ದಾಳದಲ್ಲಿ ಕುಳಿಗೆ ಅದೇ ತೂಕದ ಬಣ್ಣ ತುಂಬಿ, ಮೂಲೆಗಳನ್ನು ಚೂಪಾಗಿಯೇ ಬಿಡುತ್ತಾರೆ. ಕೇಳಿದವರಿಗೆ ಆಕೆ ಹೇಳುವುದು ಇಷ್ಟೇ: "ದಾಳಕ್ಕೆ ದೇವರೂ ಗೊತ್ತಿಲ್ಲ, ದೆವ್ವಾನೂ ಗೊತ್ತಿಲ್ಲ. ಗೊತ್ತಿರೋದು ತೂಕ ಒಂದೇ."

ಮನೆಯಾಟದ ದಾಳಗಳ ಮೂಲೆ ದುಂಡಗಾಗಲು ಅವು ಕಲ್ಲುಪುಡಿಯ ಜೊತೆ ಕಬ್ಬಿಣದ ಡ್ರಮ್ಮಿನಲ್ಲಿ ಉರುಳಬೇಕು. ಆ ಕೋಣೆಗೆ ಕಿಟಕಿಯಿಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳುವ ಹಾಗೂ ಇಲ್ಲ, ಏಕೆಂದರೆ ಗರಗರ ಸದ್ದು ಸರಸರಕ್ಕೆ ಇಳಿದ ಕ್ಷಣ ಡ್ರಮ್ಮು ನಿಲ್ಲಿಸಬೇಕು. ತಡವಾದರೆ ದಾಳಗಳು ಗೋಲಿಯಾಗುತ್ತವೆ. ಅಲ್ಲಿ ವಾರಕ್ಕೊಬ್ಬರ ಪಾಳಿ. ಯಾರದು ಎಂಬುದನ್ನು ಸೋಮವಾರ ಎಂಟೂವರೆಗೆ ದಾಳ ಹೇಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅಂಕೆ: ಅಚ್ಚು ಮೇಸ್ತ್ರಿಗೆ ಮೂರು, ಆಕೆಗೆ ಆರು. ದಾಳ ಉರುಳಿಸುವವನು ಮೇಸ್ತ್ರಿ. ಅದು ಇರುತ್ತಿದ್ದದ್ದೂ ಅವನ ಜೇಬಿನಲ್ಲೇ.

ಎರಡು ವರ್ಷದ ನೂರನಾಲ್ಕು ಸೋಮವಾರಗಳಲ್ಲಿ ಆರು ಬಿದ್ದದ್ದು ನಲವತ್ತೊಂದು ಸಲ. ನ್ಯಾಯವಾಗಿ ಹದಿನೇಳೋ ಹದಿನೆಂಟೋ ಬೀಳಬೇಕಿತ್ತು. ಆಕೆಗೆ ಆರಮ್ಮ ಎಂಬ ಹೆಸರು ಅಂಟಿಕೊಂಡಿತು.

"ಆರಮ್ಮಾ, ಡ್ರಮ್ಮಿಗೂ ನಿಮಗೂ ಮದುವೆ ಮಾಡಿಸಿಬಿಡೋಣ್ವಾ?" ಎಂದು ಪ್ಯಾಕಿಂಗಿನವನು ರೇಗಿಸುತ್ತಿದ್ದ.

"ಆಗ್ಲೇ ಸಂಸಾರ ನಡೀತಿದೆಯಲ್ಲಪ್ಪಾ" ಎನ್ನುತ್ತಿದ್ದಳು.

ಎಲ್ಲ ಹಣೆಬರಹದ ಮೇಲೆ ಹಾಕಿ ನಕ್ಕರು. ಸಾವಿರಗಟ್ಟಲೆ ದಾಳ ಪರೀಕ್ಷೆಯಾಗುವ ಆ ಜಾಗದಲ್ಲಿ ತಮ್ಮದೇ ದಾಳವನ್ನು ಒಮ್ಮೆ ನೀರಿಗೆ ಹಾಕಿ ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ, ಆಕೆಗೂ ಸಹ. ಅಷ್ಟರಲ್ಲಿ, ಆ ಕೋಣೆಯಲ್ಲಿ ಕೂತಾಗ ಡ್ರಮ್ಮಿನ ಕಡೆಗೇ ಇರುವ ಆಕೆಯ ಎಡಗಿವಿ ಹೋಯಿತು. ಬಲಗಿವಿಯನ್ನಾದರೂ ಉಳಿಸಿಕೊಳ್ಳಿ, ಸದ್ದಿನಿಂದ ದೂರವಿರಿ ಎಂದರು ಡಾಕ್ಟರು.

ಒಂದು ಸೋಮವಾರ ಮೇಸ್ತ್ರಿ ಆಕೆಯ ಮೇಜಿನ ಮೇಲೆ ದಾಳ ಉರುಳಿಸಿದ. ನಾಲ್ಕು ಬಿತ್ತು. ಅದನ್ನು ಎತ್ತಿಕೊಳ್ಳುವ ಮೊದಲೇ ಅವನ ಫೋನು ಬಡಿದುಕೊಂಡಿತು. ಮಾತಾಡುತ್ತ ಅಂಗಳಕ್ಕೆ ಹೋದ. ಆಕೆ ದಾಳವನ್ನು ಜಾಡಿಗೆ ಬಿಟ್ಟಳು. ಆರು ಮೇಲೆ ಬಂತು. ತಟ್ಟಿದಳು, ಆರು. ಸೌಟಿನಿಂದ ಒತ್ತಿ ಮಗುಚಿ ಬಿಟ್ಟಳು. ದಾಳ ನಿಧಾನವಾಗಿ ಹೊರಳಿ ಮತ್ತೆ ಆರನ್ನೇ ತೋರಿಸಿತು. ಏಪ್ರನ್ನಿಗೆ ಒರೆಸಿ ಇದ್ದಲ್ಲೇ ಇಟ್ಟಳು.

ಎರಡು ವರ್ಷದ ಹಿಂದೆ ಮೇಸ್ತ್ರಿ ಎರಕ ಹೊಯ್ದ ಮೂರು ಸಾವಿರ ದಾಳಗಳನ್ನು ಆಕೆ ಯಜಮಾನರ ಎದುರೇ ಕೆಂಪು ಡಬ್ಬಿಗೆ ಸುರಿದಿದ್ದಳು. ಎಲ್ಲದರಲ್ಲೂ ಆರರ ಕೆಳಗೇ ಗುಳ್ಳೆಯಿತ್ತು. ಮರುವಾರ ಮೇಸ್ತ್ರಿ, "ಹಳೇ ದಾಳದ ಮೂಲೆ ಒಡೆದಿದೆ" ಎಂದು ಹೊಸದೊಂದನ್ನು ಜೇಬಿನಿಂದ ತೆಗೆದಿದ್ದ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಆಕೆಯ ಬಲಗಡೆಗೆ ಬಂದು ಕೂತ.

"ನಾಳೇನೇ ಯಜಮಾನರ ಕಿವಿಗೆ ಹಾಕೇ."

"ಹಾಕಿದ್ರೆ ಏನಾಗುತ್ರೀ? ದಾಳ ಬದಲಾಯಿಸ್ತಾರೆ. ಮೇಸ್ತ್ರಿ 'ಅಯ್ಯೋ, ಗೊತ್ತೇ ಇರ್ಲಿಲ್ಲ' ಅಂತಾನೆ. ಮುಗೀತು. ನನ್ನ ಕಿವಿ ವಾಪಸ್ ಬರುತ್ತಾ?"

"ಮತ್ತೇನು ಮಾಡ್ತೀಯ?"

"ಗೊತ್ತಿತ್ತು ಅಂತ ಅವನ ಬಾಯಲ್ಲೇ ಬರಲಿ. ಬರ್ಲಿಲ್ವಾ, ನಾನು ಎಲ್ಲಿ ಕೂತಿದ್ನೋ ಅಲ್ಲಿ ಅವನೂ ಕೂರಲಿ."

ಯಜಮಾನರು ಸೋಮವಾರ ಬೆಳಗ್ಗೆ ಕಾರ್ಖಾನೆಯಲ್ಲಿ ಇರುವುದು ಅಪರೂಪ. ಆಕೆ ಐದು ವಾರ ಕಾದಳು. ಅದರಲ್ಲಿ ಎರಡು ವಾರ ಹಲ್ಲು ಕಚ್ಚಿಕೊಂಡು ಡ್ರಮ್ಮಿನ ಪಕ್ಕದಲ್ಲಿ ಕಳೆದಳು. ಆರನೆಯ ಸೋಮವಾರ ಯಜಮಾನರು ಬಂದರು.

"ಸಾರ್, ಈ ದಾಳ ಸರಿಯಿಲ್ಲ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಮೇಸ್ತ್ರಿ ನಕ್ಕ. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಸಾರ್, ನಾನೇ ಉಪ್ಪುನೀರಿಗೆ ಹಾಕಿ ನೋಡಿದೀನಿ. ಚಿನ್ನದಂಥಾ ದಾಳ."

"ನೀವೇ ಹಾಕಿ ನೋಡಿದ್ರಾ?"

"ಮಕ್ಕಳಾಣೆ ಬೇಕೇನಮ್ಮಾ?"

"ಬೇಡ ಬಿಡಿ, ಮಕ್ಕಳೇನು ಮಾಡಿದ್ವು? ನೀವು ಹೇಳಿದ್ಮೇಲೆ ಸರಿಯೇ ಇರುತ್ತೆ. ಆದ್ರೆ ಈ ಆರು ಯಾಕೋ ನಂಗೆ ಆಗಿಬರ್ಲಿಲ್ಲ. ಅದನ್ನ ನೀವಿಟ್ಕೊಳ್ಳಿ, ನಿಮ್ಮ ಮೂರು ನಂಗೆ ಕೊಡಿ."

ಮೇಸ್ತ್ರಿಯ ನಗು ಅರ್ಧಕ್ಕೇ ನಿಂತಿತು. "ಅದೆಲ್ಲಾ ಯಾಕೆ ಈಗ..."

"ಕೊಡಯ್ಯಾ" ಎಂದರು ಯಜಮಾನರು. "ದಾಳ ಸರಿಯಿದ್ರೆ ಮೂರಾದ್ರೇನು, ಆರಾದ್ರೇನು?"

"ಇನ್ನೊಂದು ಮಾತು ಸಾರ್. ದಾಳ ನಿಮ್ಮ ಬೀಗದ ಡ್ರಾಯರಲ್ಲೇ ಇರಲಿ. ನಾಳೆ ಯಾರೋ ಬದಲಾಯಿಸಿದ್ರು ಅಂತ ಮೇಸ್ತ್ರಿ ಮೇಲೆ ಮಾತು ಬರಬಾರ್ದು ನೋಡಿ."

ಯಜಮಾನರಿಗೆ ಅದು ದೊಡ್ಡ ಮನಸ್ಸಿನ ಮಾತಾಗಿ ಕಂಡಿತು. ಗೋಡೆಯ ಹಲಗೆಯ ಮೇಲೆ ಅಂಕೆ ಅದಲುಬದಲಾಯಿತು. ಆ ದಿನ ಎರಡು ಬಿತ್ತು, ಪ್ಯಾಕಿಂಗಿನವನು ಗೊಣಗುತ್ತ ಹೋದ. ಮುಂದಿನ ಸೋಮವಾರ ಆರು ಬಿತ್ತು.

ಇಪ್ಪತ್ತು ವಾರದಲ್ಲಿ ಮೇಸ್ತ್ರಿ ಎಂಟು ಸಲ ಆ ಕೋಣೆಗೆ ಹೋದ. ಆಕೆ ಹೋದದ್ದು ಒಂದು ಸಲ. ನಿಜ ಹೇಳಿದರೆ ಮೇಸ್ತ್ರಿಯ ಕೆಲಸ ಹೋಗುತ್ತದೆ, ಹೇಳದಿದ್ದರೆ ಕಿವಿ ಹೋಗುತ್ತದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಮ್ಮೆ ಅವನೇ, "ಈ ದಾಳ ಗೀಳ ಯಾಕೆ, ಸರದಿ ಮಾಡ್ಕೊಳ್ಳೋಣ" ಎಂದ.

"ಚಿನ್ನದಂಥಾ ದಾಳ ಇರೋವಾಗ ಸರದಿ ಯಾಕೆ ಮೇಸ್ತ್ರಿ?" ಎಂದಳು ಆಕೆ, ಕೈಯಲ್ಲಿದ್ದ ದಾಳದಿಂದ ಕಣ್ಣೆತ್ತದೆ. ಉಳಿದವರು ನಕ್ಕರು.

ಕಳೆದ ವಾರ ಊಟದ ವೇಳೆಗೆ ಮೇಸ್ತ್ರಿಯ ಹೆಂಡತಿ ಗೇಟಿನ ಹತ್ತಿರ ಬಂದು ಆಕೆಯನ್ನು ಕರೆಸಿಕೊಂಡಳು.

"ಅಕ್ಕಾ, ಇತ್ತೀಚೆಗೆ ಕರೆದ್ರೆ ಇವರು ತಿರುಗಿಯೂ ನೋಡಲ್ಲ. ಎಲ್ಲಾ ಆ ಕೋಣೆಯಿಂದಾನೇ. ಯಜಮಾನರು ನಿಮ್ಮ ಮಾತು ಕೇಳ್ತಾರಂತೆ. ಒಂದು ಮಾತು ಹೇಳಿ ಅಕ್ಕಾ."

ಆಕೆ ಹೇಳಬೇಕಾದದ್ದು ಒಂದೇ ಮಾತಾಗಿತ್ತು. ಡ್ರಾಯರಿನ ದಾಳವನ್ನು ಯಜಮಾನರ ಎದುರು ಜಾಡಿಗೆ ಬಿಡಿಸಿದರೆ ಎಲ್ಲ ಮುಗಿಯುತ್ತಿತ್ತು.

"ಯಾವ ಕಡೆಯಿಂದ ಕರೀತೀಯ?"

"ಎಡಗಡೆಯಿಂದ."

"ಬಲಗಡೆಯಿಂದ ಕರಿಯಮ್ಮಾ. ನಮ್ಮನೇಲೂ ಹಾಗೇ ಮಾಡ್ತಾರೆ."

ಆ ಹೆಂಗಸು ಇನ್ನೂ ಏನೋ ಹೇಳುತ್ತಿದ್ದಳು. ಆಕೆ ತನ್ನ ಎಡಗಿವಿಯನ್ನು ಅವಳತ್ತ ತಿರುಗಿಸಿ ಒಳಗೆ ನಡೆದಳು.

ಈ ಸೋಮವಾರ ಎಂಟೂವರೆಗೆ ಯಜಮಾನರ ಡ್ರಾಯರಿನಿಂದ ದಾಳ ಬಂತು. ಆರು ಬಿತ್ತು. ಶನಿವಾರ ಸಂಜೆಯವರೆಗೆ ಡ್ರಮ್ಮಿನ ಕೋಣೆಯಲ್ಲಿ ಮೇಸ್ತ್ರಿ ಇರುತ್ತಾನೆ.