ಏಳನೇ ಲ್ಯಾಪ್‌ಟಾಪಿನ ಬಾಣ

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಕಾರವಾರದಾಚೆಯ ಮಾಜಾಳಿಯಲ್ಲಿ ಗುಲಾಬಿಯ ಮನೆಯ ಜಗಲಿ. ಇದ್ದವರು ನಾವಿಬ್ಬರೇ. ಅಲ್ಲಿ ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಮೊದಲಿಗೇ ಹೇಳಿಬಿಡುತ್ತೇನೆ — ಗುಲಾಬಿ ಕಂಪ್ಯೂಟರ್ ಬಿಟ್ಟದ್ದು ಅವಳ ಕೈಯ ದೋಷದಿಂದಲ್ಲ. ನಾನು ಬಿಡಿಸಿದೆ. ಬಿಡಿಸಿ, ಹತ್ತು ವರ್ಷ ಸುಮ್ಮನಿದ್ದೆ.

ನಾವಿಬ್ಬರೂ ಅಂಕೋಲೆಯ ಒಂದೇ ಹೈಸ್ಕೂಲಿನಲ್ಲಿ ಕಲಿಸಿದವರು. ನನ್ನದು ಗಣಿತ, ಅವಳದು ವಿಜ್ಞಾನ. ನಾನು ಆರು ವರ್ಷ ಹಿರಿಯಳು. ಗುಲಾಬಿ ಎಡಚಿ. ಕಪ್ಪುಹಲಗೆಯ ಮೇಲೆ ಅವಳು ಎಡಗೈಯಲ್ಲಿ ಬಿಡಿಸಿದ ದಾಸವಾಳವನ್ನು ಒರೆಸಲು ಮುಂದಿನ ಪಿರಿಯಡ್ಡಿಗೆ ಬಂದ ನನಗೆ ಮನಸ್ಸು ಬರುತ್ತಿರಲಿಲ್ಲ. ಆದರೂ ಒರೆಸುತ್ತಿದ್ದೆ. ಗಂಟೆ ಹೊಡೆದ ಮೇಲೆ ಹಲಗೆ ಸ್ವಚ್ಛ ಇರಬೇಕು. ಚಪ್ಪಲಿಗೂ ಗೊತ್ತಾದ ಜಾಗವಿದ್ದ ಮನೆಯಲ್ಲಿ ಬೆಳೆದವಳು ನಾನು.

ಶಾಲೆಗೆ ಹನ್ನೆರಡು ಲ್ಯಾಪ್‌ಟಾಪ್ ಬಂದಾಗ ಆ ಕೋಣೆಯ ಜವಾಬ್ದಾರಿಯನ್ನು ನನಗೇ ಕೊಟ್ಟರು. ಒಂದೊಂದಕ್ಕೂ ನಂಬರು ಅಂಟಿಸಿದೆ. ದಿನಾ ಸಂಜೆ ಎಲ್ಲವನ್ನೂ ತೆರೆದು, ಹನ್ನೆರಡೂ ಒಂದೇ ಥರ ಇವೆಯೇ ಎಂದು ನೋಡಿ, ವೈರು ಸುತ್ತಿ, ಬೀಗ ಹಾಕುತ್ತಿದ್ದೆ. ಒಂದು ಸಂಜೆ ಏಳನೆಯದು ಬೇರೆಯಾಗಿತ್ತು. ಪರದೆಯ ಮೇಲಿನ ಬಾಣ ನಿಧಾನವಾಗಿ ಹೋಗುತ್ತಿತ್ತು. ಬೆರಳಾಡಿಸುವ ಟಚ್‌ಪ್ಯಾಡಿನ ಎಡಮೂಲೆ ಒತ್ತಿದರೆ ಆಗಬೇಕಾದ ಕೆಲಸ ಬಲಮೂಲೆ ಒತ್ತಿದರೆ ಆಗುತ್ತಿತ್ತು. ಮಕ್ಕಳ ಕಿತಾಪತಿ ಎಂದುಕೊಂಡು ಸೆಟ್ಟಿಂಗ್ಸಿಗೆ ಹೋಗಿ ಮೊದಲಿನಂತೆ ಮಾಡಿದೆ. ಮರುದಿನ ಸಂಜೆಯೂ ಹಾಗೆಯೇ. ಮತ್ತೆ ಸರಿ ಮಾಡಿದೆ — ಆಗ ನಾನು ಅದನ್ನು "ಸರಿ" ಎಂದೇ ತಿಳಿದಿದ್ದೆ.

ಆ ಕೋಣೆಯಲ್ಲಿ ದಿನಾ ಒಂದು ಪಿರಿಯಡ್ಡು ತೆಗೆದುಕೊಳ್ಳುತ್ತಿದ್ದ ಗುಲಾಬಿ ನಾಲ್ಕನೆಯ ದಿನ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಬಂದಳು.

"ನಿನ್ನೆ ನನ್ನ ಕೈಗೆ ಹೊಂದಿಸಿ ಇಟ್ಟಿದ್ದೆ ಅಕ್ಕೋರೆ. ಇವತ್ತು ಕಂಡ್ರೆ ಇಲ್ಲ. ಎಷ್ಟು ಸಲ ಮಾಡಿದ್ರೂ ಉಳೂದೇ ಇಲ್ಲ. ನಾ ಎಂತ ತಪ್ಪು ಮಾಡ್ತೆ?"

ಆ ಕ್ಷಣ ಎಲ್ಲ ತಿಳಿಯಿತು. ದಿನಾ ಬದಲಿಸುವವಳು ನಾನೇ ಮಾರಾಯ್ತಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಳನೆಯದನ್ನು ಅವಳಿಗೇ ಬಿಟ್ಟುಕೊಡಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ಮಕ್ಕಳು ಸಾಲು ಮುರಿದು ಏಳನೆಯದನ್ನು ಮುತ್ತಿಕೊಂಡಿದ್ದರು, ಅವಳು ಬಿಡಿಸುತ್ತಿದ್ದ ಹೂವನ್ನು ನೋಡಲು. ನನ್ನ ಕೋಣೆಯಲ್ಲಿ. ನನ್ನ ಪಾಠ ಕೇಳಲು ಯಾರೂ ಎಂದೂ ಹಾಗೆ ಮುತ್ತಿಕೊಂಡಿರಲಿಲ್ಲ — ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು.

"ಈ ಯಂತ್ರಕ್ಕೆ ಒಂದೇ ಕ್ರಮ ಗೊತ್ತು, ಗುಲಾಬಿ," ಎಂದೆ. "ಬದಲಾಗಬೇಕಾದ್ದು ಕೈ."

"ಹಾಗಾದ್ರೆ ನಂದು ರಾಂಗ್ ಕ್ಲಿಕ್ ಅಂತಾಯ್ತು," ಎಂದು ಅವಳು ನಕ್ಕಳು. ಸ್ಟಾಫ್ ರೂಮೆಲ್ಲ ನಕ್ಕಿತು. ನಾನೂ ನಕ್ಕೆ.

ಹದಿನೈದು ದಿನ ಅವಳು ಬಲಗೈಯಲ್ಲಿ ಒದ್ದಾಡಿದಳು. ಬಾಣ ಅವಳ ಬೆರಳಿಗೆ ಸಿಗದೆ ಓಡುತ್ತಿತ್ತು, ಹೂವಿನ ಗೆರೆ ಸೊಟ್ಟಗಾಗುತ್ತಿತ್ತು, ಹಿಂದಿನ ಬೆಂಚಿನಲ್ಲಿ ಕಿಸಕಿಸ ನಗು. ಕೊನೆಗೆ ಕಂಪ್ಯೂಟರ್ ಪಿರಿಯಡ್ಡು ಬೇಡವೆಂದು ಅರ್ಜಿ ಬರೆದುಕೊಟ್ಟಳು. ಹಿರಿಯಳೆಂದು ಅದಕ್ಕೆ ನಾನೇ ಒಪ್ಪಿಗೆಯ ಸಹಿ ಹಾಕಿದೆ. ನನ್ನ ನಿವೃತ್ತಿಯ ದಿನ ಓದಿದ ಬಿನ್ನವತ್ತಳೆಯಲ್ಲಿ ಆ ಕೋಣೆಯ ಶಿಸ್ತಿನ ಬಗ್ಗೆ ನಾಲ್ಕು ಸಾಲಿದ್ದವು. ಓದಿದವಳು ಗುಲಾಬಿ.

ಕಳೆದ ವಾರ ಅವಳ ಫೋನು ಬಂತು. ನಿವೃತ್ತಳಾಗಿ ಈಗ ಮಾಜಾಳಿಯಲ್ಲಿದ್ದಾಳೆ. ಗೋವಾಕ್ಕೆ ಕೆಲಸಕ್ಕೆ ಹೋಗಿಬರುವ ಅಕ್ಕನ ಮಗಳು ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದಾಳಂತೆ. ಕಡಲದಂಡೆಯಲ್ಲಿ ಹೆಕ್ಕಿದ ಚಿಪ್ಪುಗಳ ಚಿತ್ರ ಬಿಡಿಸಿ, ಕೆಳಗೆ ಕನ್ನಡದ ಹೆಸರು, ಕೊಂಕಣಿಯ ಹೆಸರು ಬರೆದು ಅಲ್ಲಿಯ ಶಾಲೆಗೆ ಕೊಡಬೇಕೆಂದು ಹೊರಟಿದ್ದಾಳೆ. ಬಲಗೈಯಲ್ಲೇ ಬಿಡಿಸಿ ಬಿಡಿಸಿ ಮಣಿಕಟ್ಟು ಬಾತುಕೊಂಡಿದೆ, ಒಂದು ದಿನ ಬಂದು ಹೇಳಿಕೊಡಿ ಎಂದಳು. ಎಡಗೈ ಇದೆಯಲ್ಲ, ಎಂದೆ.

"ಯಂತ್ರ ಒಪ್ಪೂದಿಲ್ಲಲ್ಲ. ನೀವೇ ಹೇಳಿದ್ರಿ."

ಚುಚ್ಚಿ ಆಡಿದ ಮಾತಲ್ಲ ಅದು. ನಂಬಿದ್ದಳು.

ಇಂದು ಏಳೂವರೆಯ ಬಸ್ಸಿಗೆ ಕಾರವಾರಕ್ಕೆ ಹೋದೆ, ಅಲ್ಲಿಂದ ಇನ್ನೊಂದು ಬಸ್ಸು. ಕಾಳಿ ನದಿಯ ಸೇತುವೆ ದಾಟುವವರೆಗೂ ನನ್ನ ಯೋಚನೆ ಬೇರೆಯೇ ಇತ್ತು. ಸುಮ್ಮನೆ ಹೋಗಿ, ಎರಡು ನಿಮಿಷದಲ್ಲಿ ಸೆಟ್ಟಿಂಗ್ ಬದಲಿಸಿ, ಈಗಿನ ಯಂತ್ರಗಳಲ್ಲಿ ಎಡಗೈಯೂ ನಡೆಯುತ್ತದೆ ಎಂದುಬಿಟ್ಟರೆ — ಅವಳು ಖುಷಿಪಡುತ್ತಿದ್ದಳು, ನನ್ನನ್ನು ಹೊಗಳುತ್ತಿದ್ದಳು. ಹೀಗೆ ಎಣಿಸಿಕೊಂಡೇ ಅವಳ ಜಗಲಿ ಹತ್ತಿದೆ. ಬಟ್ಟೆ ಸುತ್ತಿದ ಕೈಯಲ್ಲಿ ಅವಳು ಚಹಾ ತಂದಿಟ್ಟಳು. ಆಮೇಲೆ ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ.

ಅವಳು ಎಡಗೈಯಿಂದ ಲ್ಯಾಪ್‌ಟಾಪಿನ ಮುಚ್ಚಳ ಸವರಿದಳು.

"ಅಂದ್ರೆ ನಾ ಮಾಡಿದ್ದು ಸಮ ಇತ್ತು," ಎಂದಳು.

"ಸಮ ಇತ್ತು."

"ಇಷ್ಟು ವರ್ಷ ಈ ಕೈಗೆ ಬೈದೆ ನಾನು."

ಹಾಗೆಂದು ಲ್ಯಾಪ್‌ಟಾಪನ್ನು ನನ್ನ ಕಡೆ ನೂಕಿದಳು. "ಈಗ ಹೊಂದಿಸಿ ಕೊಡಿ. ನೀವೂ ಎಡಗೈಲೇ ಮಾಡಬೇಕು. ಬಲಗೈ ತೊಡೆ ಅಡಿಗೆ ಇಟ್ಕಣಿ."

ಇಟ್ಟುಕೊಂಡೆ. ಎರಡು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ನಾನು ಒಂದು ಕಡೆ ಎಳೆದರೆ ಬಾಣ ಇನ್ನೊಂದು ಕಡೆ ಹಾರುತ್ತಿತ್ತು. "ಅಕ್ಕೋರೆ, ಬಾಣ ಗೋವಾಕ್ಕೆ ಹೋಯ್ತು, ವಾಪಸ್ ಕರೀರಿ," ಎಂದಳು. ನನ್ನ ಕಿವಿ ಬಿಸಿಯಾಯಿತು. ಅವಳಿಗೂ ಆ ಹದಿನೈದು ದಿನ ಹೀಗೇ ಆಗಿರಬೇಕು, ಅದೂ ಮಕ್ಕಳ ಎದುರು.

ಕೊನೆಗೆ ಒತ್ತುವ ಕೆಲಸವನ್ನು ಬಲಮೂಲೆಗೆ ಕೊಟ್ಟೆ, ಎಡಗೈಯ ತೋರುಬೆರಳು ಬೀಳುವುದು ಅಲ್ಲಿಯೇ. ಬಾಣದ ವೇಗ ಎಷ್ಟಿರಲಿ ಎಂದು ಕೇಳಿದೆ. ಇನ್ನೂ ಸ್ವಲ್ಪ ಕಡಿಮೆ ಎಂದಳು. ವಯಸ್ಸಿಗೆ ಒಣಗಿದ ಬೆರಳ ತುದಿಯನ್ನು ಟಚ್‌ಪ್ಯಾಡು ಬೇಗ ಗುರುತಿಸುವಂತೆ ಮಾಡಿದೆ. ಎರಡು ಬೆರಳು ಮೇಲೆ ಸರಿಸಿದರೆ ಪುಟ ಮೇಲೆ ಹೋಗಬೇಕೋ ಕೆಳಗೋ ಎಂದು ಕೇಳಿದೆ. ಅಷ್ಟು ವರ್ಷದ ಮಾಸ್ತರಿಕೆಯಲ್ಲಿ ನಿನಗೆ ಹೇಗೆ ಬೇಕು ಎಂದು ನಾನು ಇಷ್ಟು ಸಲ ಯಾರನ್ನೂ ಕೇಳಿರಲಿಲ್ಲ.

ಅವಳು ಎಡಗೈ ಇಟ್ಟಳು. ಕೊಂಕಣಿಯಲ್ಲಿ ತಿಸರೆ ಎನ್ನುವ, ಬಳಚು ಎಂಬ ಕಪ್ಪೆಚಿಪ್ಪಿನ ಗೆರೆಗಳು ಒಂದರ ಪಕ್ಕ ಒಂದು, ನಡುಗದೆ ಬಂದವು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊಟ ಮಾಡಿಯೇ ಹೋಗಿ ಎಂದಳು. ಕೂತು ಊಟ ಮಾಡಿದೆ. ಬಳಚಿನ ಸುಕ್ಕ ಚೆನ್ನಾಗಿತ್ತು.

ಕೈ ತೊಳೆಯುವಾಗ ಕೇಳಿದಳು, "ಆ ಕೋಣೆ ಗೋಡೆ ಮೇಲೆ ನೀವು ನಿಯಮ ಬರೆದು ಅಂಟಿಸಿದ್ರಿ. ಇನ್ನೂ ಅದೆಯಾ? ಎಡಚ ಮಕ್ಕಳು ಈಗಲೂ ಇರ್ತಾವಲ್ಲ ಅಕ್ಕೋರೆ."

ಬೊಬ್ರುವಾಡದ ನನ್ನ ಮನೆಗೆ ಹೋಗದೆ, ಅಂಕೋಲೆಯಲ್ಲಿ ಇಳಿದು ನೇರ ಶಾಲೆಗೆ ಹೋದೆ. ಕೊನೆಯ ಪಿರಿಯಡ್ಡು ಮುಗಿದಿರಲಿಲ್ಲ. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಕೋಣೆಗೆ ಹೋಗಿ ನೋಡಿದರೆ, ಹಾಳೆ ಹಳದಿಯಾಗಿ ಅಲ್ಲಿಯೇ ಇತ್ತು, ನನ್ನ ಗುಂಡು ಅಕ್ಷರದಲ್ಲಿ. ಆರನೆಯ ನಿಯಮ — ಬಾಣದ ಸೆಟ್ಟಿಂಗ್ ಯಾರೂ ಬದಲಿಸಬಾರದು. ಗುಲಾಬಿ ಅರ್ಜಿ ಕೊಟ್ಟ ವಾರ ಸೇರಿಸಿದ್ದು. ಹಾಳೆಯನ್ನು ಹರಿಯಲಿಲ್ಲ. ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ, ಹಳೆಯದು ಓದಲು ಬರುವಂತೆ. ಕೆಳಗೆ ಬರೆದೆ: ಬಾಣವನ್ನು ಅವರವರ ಕೈಗೆ ಹೊಂದಿಸಿಕೊಳ್ಳಬೇಕು. ಸಂಜೆ ಅದನ್ನು ಯಾರೂ ಮುಟ್ಟಬಾರದು.

ಸಹಿ ಹಾಕಿ, ದಿನಾಂಕ ಬರೆದು, ಪೆನ್ನಿನ ಟೊಪ್ಪಿ ಮುಚ್ಚಿದಾಗ ನಾಲ್ಕು ಗಂಟೆ ಹತ್ತು ನಿಮಿಷ.