ದವಾಖಾನೆಯಲ್ಲಿ ಉಂಡ ರೊಟ್ಟಿ

ಬಾವು ಮೊದಲು ಬಂದದ್ದು ಎಡದವಡೆಯ ಕೆಳಗೆ, ಊಟದ ನಡುವೆ. ಅವತ್ತು ಬದನೆಕಾಯಿ ಪಲ್ಯ ಇತ್ತು ಎಂದು ಬರೆಯಹೊರಟಿದ್ದೆ. ಅದು ಖಾತ್ರಿಯಿಲ್ಲ, ನಮ್ಮ ಮನೆಯ ಯಾವ ಊಟ ನೆನೆದರೂ ತಾಟಿನಲ್ಲಿ ಬದನೆಕಾಯಿಯೇ ಬಂದು ಕೂರುತ್ತದೆ. ನೋವು ಮಾತ್ರ ಖಾತ್ರಿ. ಎರಡನೇ ತುತ್ತಿಗೆ ದವಡೆ ಬಿಗಿಯಿತು, ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ತಾಸಿನೊಳಗೆ ಇಳಿಯಿತು. ಮರುದಿನ ಮತ್ತೆ ಬಂತು.

ಬಹಳ ವರ್ಷ ತಂಬಾಕು ತಿಂದವನು ನಾನು. ಗಂಟು ಅಂದರೆ ನನಗೆ ಒಂದೇ ರೋಗ. ಅದರ ಹೆಸರನ್ನು ಹೆಂಡತಿಯ ಮುಂದೆ ಎತ್ತಲಿಲ್ಲ. ಉಣ್ಣುತ್ತ ಅರ್ಧಕ್ಕೇ ಏಳುತ್ತಿದ್ದೆ, ಅಂಗಳದಲ್ಲಿ ತಿರುಗುತ್ತಿದ್ದೆ, ಕನ್ನಡಿ ನೋಡುತ್ತಿದ್ದೆ, ಮುಟ್ಟುತ್ತಿದ್ದೆ, ಮತ್ತೆ ಮುಟ್ಟುತ್ತಿದ್ದೆ.

ಮುರಗೋಡದಿಂದ ಬೈಲಹೊಂಗಲದ ದವಾಖಾನೆಗೆ ಎರಡು ಸಲ ಬಸ್ಸು ಹಿಡಿದೆ. ರಕ್ತ ತಪಾಸಣೆ ಮಾಡಿದರೆ ಇರಲಿ ಎಂದು ಖಾಲಿ ಹೊಟ್ಟೆಯಲ್ಲೇ ಹೋಗುತ್ತಿದ್ದೆ. ಉಣ್ಣದೆ ಹೋದವನ ದವಡೆ ಡಾಕ್ಟರ ಮುಂದೆ ಸಪಾಟಾಗಿರುತ್ತಿತ್ತು.

“ಎಲ್ಲೈತ್ರಿ ಗಂಟು?”

“ನಿನ್ನೆ ಇತ್ರಿ.”

“ಹಂಗಾರ ನಿನ್ನೇನ ಬರಬೇಕಿತ್ತಲ್ರಿ.”

ಮೂರನೇ ಸಲ ಹೆಂಡತಿಯೂ ಹೊರಟಳು, ಬುತ್ತಿ ಕಟ್ಟಿಕೊಂಡು. “ಮನಸಿನ್ಯಾಗ ಏನ್ ಇಟಗೊಂಡೀರಿ ಅಂತ ನನಗ ಗೊತ್ತೈತಿ. ಇವತ್ತ ಅದನ್ನ ತೋರಿಸೇ ಬರೂಣು,” ಅಂದಳು. ಬಸ್ಸಿನಲ್ಲಿ ಅಂದಳು ಎಂದು ನನ್ನ ನೆನಪು. ಒಲೆಯ ಮುಂದೆಯೇ ಅಂದದ್ದು ಎಂದು ಅವಳು ಈಗಲೂ ಜಗಳ ತೆಗೆಯುತ್ತಾಳೆ.

ಡಾಕ್ಟರ ಮೇಜಿನ ಮೇಲೆ ಅವಳು ಬುತ್ತಿಯ ಗಂಟು ಬಿಚ್ಚಿದಳು: ಒಣಗಿ ಗರಿಗರಿಯಾದ ಕಟಕ ರೊಟ್ಟಿ, ನಿಂಬೆಕಾಯಿ ಉಪ್ಪಿನಕಾಯಿ.

“ಇದೇನ್ರಿ ಅಕ್ಕಾರ, ದವಾಖಾನಿ ಐತೋ ಖಾನಾವಳಿ ಐತೋ?”

“ಉಂಡಾಗಷ್ಟ ಬರೂ ಬ್ಯಾನಿ ಐತ್ರಿ ಸಾಹೇಬ್ರ. ಇನ್ನೆಲ್ಲಿ ಉಣಸೂಣು? ರೀ, ಉಣ್ರಿ ನೀವು.”

ನಾಚಿಕೆಯಿಂದಲೇ ಕಡಿದೆ. ರೊಟ್ಟಿ ಬಾಯಲ್ಲಿ ಹುಡಿಯಾಗಿ ಉಳಿಯಿತು, ಹುಳಿ ನಾಲಗೆಗೆ ತಾಗಿತು, ದವಡೆ ಉಬ್ಬಿತು. ಡಾಕ್ಟರ ನಗು ನಿಂತಿತು. ಬಾಯಿ ತೊಳೆಸಿ, ಕೈಗವಸು ಹಾಕಿಕೊಂಡು, ನಾಲಗೆಯ ಕೆಳಗೆ ಬೆರಳು ಆಡಿಸಿದರು. ಎಷ್ಟು ಹೊತ್ತೋ.

“ಇಲ್ಲಿ ಕಲ್ಲ ಕುಂತೈತ್ರಿ. ದವಡಿ ಕೆಳಗ ಜೊಲ್ಲಿನ ಗ್ರಂಥಿ ಇರತಾವು. ರೊಟ್ಟಿ ಬಾಯಿಗೆ ಬಂದ್ರ ಅವು ಜೊಲ್ಲ ಬಿಡತಾವು. ಅದರಿಂದ ರೊಟ್ಟಿ ಮೆತ್ತಗ ಆಗತೈತಿ, ಅದರಾಗಿನ ಹಿಟ್ಟ ಸಕ್ಕರಿ ಆಗೂದೂ ಅಲ್ಲೇ ಚಾಲೂ. ಈ ಕಲ್ಲಿಂದ ಜೊಲ್ಲ ಬರೂ ನಳಾ ಕಟ್ಟಿ, ಜೊಲ್ಲ ಒಳಗ ನಿಂತೈತಿ, ಅದಕ್ಕ ಬಾವು.”

ಅರಗಿಸುವ ಕೆಲಸವೆಲ್ಲ ಹೊಟ್ಟೆಯದು ಎಂದುಕೊಂಡಿದ್ದವನು ನಾನು. ದಾರಿ ಕಟ್ಟಿದ್ದರೂ ಪ್ರತಿ ಊಟಕ್ಕೂ ದುಡಿಯುತ್ತಿದ್ದ ಆ ಗ್ರಂಥಿಯನ್ನು ನಾನು ಸಾವು ಎಂದು ಮುಟ್ಟಿ ಮುಟ್ಟಿ ನೋಡಿದ್ದೆ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಡಾಕ್ಟರು ಒಳಗಿಂದ ಒಂದು ಬೆರಳು, ಹೊರಗಿಂದ ಒಂದು ಬೆರಳು ಇಟ್ಟು ಒತ್ತಿದರು. ಹತ್ತಿಯ ಮೇಲೆ ಬಿದ್ದದ್ದು ಜೋಳದ ಕಾಳಿಗಿಂತ ಸಣ್ಣದು. ನನ್ನ ಕಣ್ಣಲ್ಲಿ ಅದು ಬಿಳಿ. ಹಳದಿ ಇತ್ತು ಅನ್ನುತ್ತಾಳೆ ಅವಳು.

ಅಷ್ಟು ಹೊತ್ತು ನಿಂತೇ ಇದ್ದವಳು ಸ್ಟೂಲು ಎಳೆದುಕೊಂಡು ಕೂತಳು.

“ಕ್ಯಾನ್ಸರ್ ಅಲ್ಲಲ್ರಿ?”

“ಅಲ್ರಿ ಅಕ್ಕಾರ. ಬರೇ ಕಲ್ಲ.”

ಅಲ್ಲ ಎಂದು ನಾನೂ ಹೇಳಬೇಕೆಂದು ಬಾಯಿ ತೆರೆದೆ. ಕಟ್ಟಿದ್ದ ಜೊಲ್ಲು ನುಗ್ಗಿ ಬಂತು. ನುಂಗಿದೆ, ಮತ್ತೆ ತುಂಬಿತು, ಮತ್ತೆ ನುಂಗಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಡಾಕ್ಟರನ್ನು ಅದನ್ನೇ ಇನ್ನೊಮ್ಮೆ ಕೇಳಿದಳು.